ಪಾದ ತಣ್ಣಗಾಗುವ ತನಕ

ಹಿಂಗಾರಿ ಜೋಳ ತೆನೆ ಹಿಡಿಯುವ ಕಾಲ, ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಒಂಬತ್ತರ ಸುಮಾರಿಗೆ ಗುಳೇದಗುಡ್ಡದ ನೇಕಾರ ಓಣಿಯ ಒಂದೇ ಮಗ್ಗುಲಿಗೆ ಬಿಸಿಲು ಬಿದ್ದಿತ್ತು. ಆ ಹೊತ್ತಿಗೆ ಬಿಳಿ ವ್ಯಾನೊಂದು ಓಣಿಯ ಬಾಯಿಗೆ ಬಂದು ನಿಂತಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಬನವ್ವ ಆಗ ಬಾಗಿಲ ಮುಂದೆ ಕೂತು ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಗಂಡ ಕುಬೇರಪ್ಪನಿಗೆ ಅರವತ್ತೆರಡು. ಐವತ್ತು ವರ್ಷ ರವಿಕೆಯ ಖಣ ನೇಯ್ದವನು, ನಲವತ್ತು ವರ್ಷ ಬೀಡಿ ಸೇದಿದವನು. ಅವರದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಕೈ ಲಾಳಿ ಎಸೆಯುತ್ತದೆ, ಕಾಲು ದಾರಕ್ಕೆ ದಾರಿ ಬಿಡುತ್ತದೆ. ಕಾಲಿಲ್ಲದವನಿಗೆ ಆ ಮಗ್ಗವಿಲ್ಲ. ಎರಡು ವರ್ಷದಿಂದ ಅವನು ಹತ್ತು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ಕೂತುಬಿಡುತ್ತಿದ್ದ. ಎಡಗಾಲಿನ ಕಿರುಬೆರಳು ಕಪ್ಪಾಗಿ ಉತ್ತತ್ತಿಯಂತೆ ಒಣಗಿತ್ತು. ರಕ್ತನಾಳ ಕಟ್ಟಿಕೊಂಡಿದೆ, ಮೊಣಕಾಲ ಕೆಳಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿ, ತಾರೀಖನ್ನೂ ಕೊಟ್ಟಾಗಿತ್ತು.

ವ್ಯಾನಿನಿಂದ ಇಳಿದವಳು ಡಾಕ್ಟರ್ ವಸುಮತಿ. ಚಾಮರಾಜನಗರದ ಕಡೆಯವಳು, ಮೂವತ್ತೈದರ ಆಸುಪಾಸು, ಎತ್ತರದ ಹೆಂಗಸು. ಊರ ಹೊರಗೆ, ಹಿಂದೆ ನೂಲಿಗೆ ಬಣ್ಣ ಹಾಕುತ್ತಿದ್ದ ಹಳೆಯ ಮನೆಯಲ್ಲಿ ಸಂಶೋಧನಾ ಕೇಂದ್ರ ತೆರೆದಿದ್ದಳು. ಕಾಲಿನ ನಾಳ ಕಟ್ಟಿದವರನ್ನೆಲ್ಲ ಅಲ್ಲಿಗೆ ಕರೆಸಿ, ಚಾಪೆಯ ಮೇಲೆ ತಾನೂ ಕೂತು ಮಾತಾಡಿದಳು.

"ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುತ್ತದೆಯೇ?" ಎಂದು ಕೇಳಿದಳು.

"ಎಲ್ಲಿ ಬರ್ತೈತ್ರಿ ಬಾಯಾರ, ಮ್ಯಾಲಿನವರು ಬಿಟ್ಟರಲ್ಲ" ಎಂದ ಪರಸಪ್ಪ. ಅವನು ಕುಬೇರಪ್ಪನ ಪಕ್ಕದ ಮನೆಯವನು, ವಾರಿಗೆಯವನು, ಬಾಯಿ ಸುಮ್ಮನಿರದ ಮನುಷ್ಯ.

"ನಿಮ್ಮ ಕಾಲಿನ ಕತೆಯೂ ಅದೇ. ನಾಳ ಹಿಗ್ಗಿಸುವ ಔಷಧಗಳು ಹಿಂದೆಯೂ ಇದ್ದವು. ಆದರೆ ಅವು ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆಯುತ್ತಿದ್ದವು. ಚೆನ್ನಾಗಿದ್ದ ನಾಳಗಳೇ ಎಲ್ಲ ಕುಡಿದುಬಿಡುತ್ತಿದ್ದವು. ಈ ಔಷಧ ಹೊಕ್ಕಳಿನ ಕೆಳಗಿನ ನಾಳಗಳಲ್ಲಿ ಮಾತ್ರ ಹೋಗಿ ಕೂರುತ್ತದೆ. ಕೂತು, ತಾನಾಗಿ ಹಿಗ್ಗಿ ಕುಗ್ಗುವುದನ್ನು ಆ ನಾಳಕ್ಕೆ ಕಲಿಸುತ್ತದೆ. ಎರೆಹುಳ ಸರಿಯುತ್ತದಲ್ಲ, ಹಾಗೆ. ಕಾಲು ದುಡಿದಷ್ಟೂ ರಕ್ತ ಎಳೆದುಕೊಳ್ಳುತ್ತದೆ."

ಕುಬೇರಪ್ಪ ತನ್ನ ಕಾಲನ್ನು ಸವರಿಕೊಂಡ. "ಅಂದ್ರ ಒಂದೊಂದು ಕಾಲಾಗ ಒಂದೊಂದು ಎದಿ ಇಟ್ಟಂಗ ಆತೇನ್ರಿ?"

ವಸುಮತಿ ನಕ್ಕಳು. "ಹಾಗೇ ಅಂದುಕೊಳ್ಳಿ ಯಜಮಾನರೇ."

ಎರಡು ಸೂಜಿ. ಮೊದಲನೆಯದರ ಗುಣ ನಾಲ್ಕು ತಿಂಗಳು ನಿಂತು ಹೋಗುತ್ತದೆ. ಅಷ್ಟರಲ್ಲಿ ಒಗ್ಗಿತೋ ಇಲ್ಲವೋ ನೋಡುತ್ತಾರೆ. ಎರಡನೆಯದು ಕೊಟ್ಟರೆ ಮುಗಿಯಿತು, ಜೀವಮಾನಕ್ಕೆ ಕೂತಂತೆ, ಹಿಂದೆಗೆಯಲು ಬರುವುದಿಲ್ಲ. ಪ್ರತಿಯೊಬ್ಬರ ಕಾಲಿಗೂ ಬೆಳ್ಳಗಿನ ಕಡಗ ಹಾಕಿದರು. ಕಾಲಲ್ಲಿ ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಆ ಕಡಗ ಕೇಂದ್ರದ ಗೋಡೆಯ ಮೇಲಿನ ಹಲಗೆಗೆ ಹೇಳುತ್ತಿತ್ತು.

ಪರಸಪ್ಪ ಕಡಗ ಕುಲುಕಿ ನೋಡಿದ. "ಈ ವಯಸ್ಸಿನ್ಯಾಗ ಗೆಜ್ಜಿ ಕಟ್ಟೀರಿ. ಕುಣಿ ಅಂದ್ರ ಕುಣೀತೀವ್ರಿ, ನಮಗೇನು. ಹುಟ್ಟಿದಾಗಿಂದ ಕುಣಿಯಾಗ ಅದೀವಿ, ಸತ್ತಮ್ಯಾಲೂ ಕುಣಿಯಾಗ ಕುಂದರಸ್ತಾರ."

ಎಲ್ಲರೂ ನಕ್ಕರು. ಅವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವ ಪದ್ಧತಿ. ಆ ಗುಂಡಿಗೂ ಕುಣಿ ಎಂದೇ ಹೆಸರು. ವಸುಮತಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು.

ಬನವ್ವನಿಗೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ಕಾರಣ ಮಾತು. ರೋಗಿಗಳು ಹೇಳಿದ್ದನ್ನು ಕೇಳಿ ಬರೆದುಕೊಳ್ಳುವ ಯಂತ್ರ ತಂದಿದ್ದರು. ಅದಕ್ಕೆ ಓಣಿಯ ಮಾತು ತಿಳಿಯಲಿಲ್ಲ. ಎರಡನೇ ಈಯತ್ತೆ ಓದಿದ್ದ ಬನವ್ವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಹಲಗೆಯ ಎದುರು ಅವಳನ್ನು ಕೂಡಿಸಿ ಮೂರು ಗುಂಡಿ ಕೊಟ್ಟರು. ಬಂದವರನ್ನು "ಹೆಂಗೈತ್ರಿ?" ಎಂದು ಕೇಳಬೇಕು. ನೋವು ಹೆಚ್ಚಾಗಿದ್ದರೆ 'ಏರಿದೆ', ಇದ್ದಂತೆ ಇದ್ದರೆ 'ಹಾಗೇ ಇದೆ', ಕಡಿಮೆಯಾಗಿದ್ದರೆ 'ಇಳಿದಿದೆ' ಎಂಬ ಗುಂಡಿ ಒತ್ತಬೇಕು. ಅಷ್ಟೇ ಕೆಲಸ.

ಹಲಗೆಯ ಮೇಲೆ ನಲವತ್ತೊಂದು ಜೋಡಿ ಕಾಲಿನ ಚಿತ್ರಗಳಿದ್ದವು. ರಕ್ತ ಕಡಿಮೆ ಇದ್ದರೆ ನೀಲಿ, ತುಂಬಿದ್ದರೆ ಕೆಂಪು. ಮೊದಲ ದಿನ ಗೋಡೆಯೆಲ್ಲ ನೀಲಿ ಅದ್ದಿದಂತಿತ್ತು. ತಿಂಗಳೊಪ್ಪತ್ತಿನಲ್ಲಿ ಒಂದೊಂದೇ ಜೋಡಿ ಕೆಂಪೇರತೊಡಗಿತು. ಹದಿನೇಳನೆಯದು ಕುಬೇರಪ್ಪನದು.

ಮನೆಯಲ್ಲೂ ಅದು ಕಾಣುತ್ತಿತ್ತು. ಬನವ್ವ ಎಣ್ಣೆ ತಿಕ್ಕಲು ಹೋದರೆ ಪಾದ ರೊಟ್ಟಿಯ ಹಂಚಿನಂತೆ ಬೆಚ್ಚಗಿರುತ್ತಿತ್ತು. ಕಿರುಬೆರಳಿನ ಕಪ್ಪು ಸಿಪ್ಪೆಯಂತೆ ಉದುರಿ ಕೆಳಗೆ ಹೊಸ ತೊಗಲು ಬಂತು. ಬೋಳಾಗಿದ್ದ ಕಣಕಾಲಿಗೆ ಕೂದಲು ಹುಟ್ಟಿತು. ಕಾಲು ಕತ್ತರಿಸುವ ತಾರೀಖು ಬಂತು, ಹೋಯಿತು. ಆ ದಿನ ಕುಬೇರಪ್ಪ ಕುಣಿಯ ಧೂಳು ಝಾಡಿಸಿ, ಅಂಚಿಗೆ ಕೂತು, ಎರಡು ವರ್ಷದ ಮೇಲೆ ಹಲಗೆ ತುಳಿದ. ಬನವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಮಗ್ಗದ ಸದ್ದು ಕೇಳಿ ಕೈ ನಿಲ್ಲಿಸಿದಳು. ಹಿಟ್ಟು ಒಣಗುವ ತನಕ ಹಾಗೇ ಕೇಳುತ್ತ ಕೂತಳು.

ಓಣಿಯಲ್ಲಿ ಒಂದೊಂದೇ ಮಗ್ಗ ಮಾತಾಡತೊಡಗಿತು. ಕೇಂದ್ರಕ್ಕೆ ಬಂದವರನ್ನು ಬನವ್ವ ಕೇಳುವಳು:

"ಹೆಂಗೈತಿ ಪರಸಣ್ಣ?"

"ಕಾಲು ಗಟ್ಟಿ ಆಗ್ಯಾವ ತಂಗಿ. ಆದ್ರ... ಇಳದೈತಿ."

ಬನವ್ವ ಮೂರನೇ ಗುಂಡಿ ಒತ್ತುವಳು. ಮುಂದಿನವನೂ "ಇಳದೈತಿ" ಎನ್ನುವನು. ಅದರ ಮುಂದಿನವನೂ ಅದನ್ನೇ ಹೇಳುವನು. ಗುಂಡಿಯ ಮೇಲೂ ಅದೇ ಮಾತು, ಬಾಯಲ್ಲೂ ಅದೇ ಮಾತು. ವಸುಮತಿ ಸಂಜೆ ಬಂದು ಅಂಕಿ ನೋಡಿ, "ಇಷ್ಟು ಚೆನ್ನಾಗಿ ಯಾವ ಊರಲ್ಲೂ ಬಂದಿಲ್ಲ ಅಮ್ಮ" ಎನ್ನುವಳು. ಬನವ್ವನಿಗೆ ಹೆಮ್ಮೆ.

ಯುಗಾದಿ ಮುಗಿದ ಮೇಲೆ ಮೊದಲ ತಂಡದ ಹನ್ನೊಂದು ಜನಕ್ಕೆ ಎರಡನೇ ಸೂಜಿ ಆಯಿತು. ಪರಸಪ್ಪ ಅದರಲ್ಲಿದ್ದ. ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅವನ ಮಗ್ಗ ನಿಂತಿತು. ಹೆಂಡತಿ ಕಲ್ಲವ್ವ ಹೋಗಿ ನೋಡಿದರೆ ನೇಯ್ದ ಬಟ್ಟೆಯ ಮೇಲೆ ತಲೆ ಇಟ್ಟು ಒರಗಿದ್ದ.

ಆ ಓಣಿಯಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ಮೂಗಿನ ಮುಂದೆ ಬೆರಳು ಹಿಡಿಯುವುದಿಲ್ಲ, ಪಾದ ಮುಟ್ಟುತ್ತಾರೆ. ಜೀವ ಕೆಳಗಿನಿಂದ ಮೇಲಕ್ಕೆ ಹೊರಡುತ್ತದೆ, ಮೊದಲು ಬಿಡುವುದು ಪಾದವನ್ನೇ ಎಂದು ಹಿರಿಯರ ಮಾತು. ಪಾದ ತಣ್ಣಗಾಗುವ ತನಕ ಅಳಬಾರದು. ಅತ್ತರೆ ಹೊರಟ ಜೀವ ದಾರಿಯಲ್ಲಿ ಹೊರಳಿ ನೋಡುತ್ತದೆ. ಕಲ್ಲವ್ವ ಕುಣಿಗೆ ಕೈ ಇಳಿಸಿ ಪಾದ ಮುಟ್ಟಿದಳು. ಬೆಚ್ಚಗಿತ್ತು. ಬಹಳ ಹೊತ್ತು ಕೆಲಸ ಮಾಡಿದ್ದಾನೆ, ದಣಿದಿದ್ದಾನೆ ಎಂದುಕೊಂಡು ಹೆಗಲ ಮೇಲೆ ದುಪ್ಪಟಿ ಹೊದಿಸಿ ಹೋದಳು. ಚಹಾ ಕೊಡಲು ಬಂದಾಗಲೂ ಬೆಚ್ಚಗಿತ್ತು. ದೀಪ ಹಚ್ಚುವ ಹೊತ್ತಿಗೆ ಮುಖ ಎತ್ತಿದರೆ ಕಣ್ಣು ತೆರೆದಿದ್ದವು.

ಎದೆಯ ಕಾಯಿಲೆ, ವಯಸ್ಸು, ಬೀಡಿ ಎಂದು ಕಾಗದದಲ್ಲಿ ಬರೆದರು. ಆ ದಿನವೆಲ್ಲ ಹಲಗೆಯ ಮೇಲೆ ಪರಸಪ್ಪನ ಕಾಲುಗಳು ಕೆಂಪಾಗೇ ಇದ್ದವು. ಬನವ್ವ ಅದನ್ನು ನೋಡಿದ್ದಳು. ಎರಡು ಸಲ ಅವನ ಕಾಲಿನ ಬಣ್ಣ ಚೆನ್ನಾಗಿದೆ ಎಂದೂ ಅಂದುಕೊಂಡಿದ್ದಳು.

ಅದಾದ ವಾರಕ್ಕೆ, ಒಂದು ಬೆಳಿಗ್ಗೆ ಕುಬೇರಪ್ಪ ಮಗ್ಗದ ಮುಂದೆ ಸುಮ್ಮನೆ ಕೂತಿದ್ದ. ಬನವ್ವ ಚಹಾ ತಂದಳು.

"ಯಾಕ್ರಿ, ಹಾಸು ಸಡಿಲ ಆಗೇತೇನು?"

"ಇಳದೈತಿ."

"ಬಿಗೀರಿ ಮತ್ತ. ನೋಡಿಕೋತ ಕುಂತ್ರ ಬಿಗೀತದೇನು?"

"ಹಾಸಲ್ಲ, ಬನಿ. ನಾ." ಕುಬೇರಪ್ಪ ತಲೆ ಮುಟ್ಟಿಕೊಂಡ. "ನಾ ಇಳದೇನಿ. ಕುಂತು ಹಲಗಿ ತುಳಿಯಾಕ ಹತ್ತಿದ್ರ ಮ್ಯಾಲಿಂದೆಲ್ಲಾ ಕೆಳಗ ಹೋಗತೈತಿ. ಕೈ ಯಾರದೋ ಅನಸ್ತಾವ. ದಾರ ಎಣಿಸಾಕ ಹೋದ್ರ ಇಪ್ಪತ್ತರ ಮುಂದ ಏನು ಅಂತ ತಿಳೀವಲ್ದು. ಎಲ್ಲಾರ್ಗೂ ಹಂಗs ಆಗೇತಿ. ನಿನಗ ಹೇಳೇವಲ್ಲ, ವಾರಾ ವಾರಾ ಬಂದು."

ಬನವ್ವ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ರಾತ್ರಿ ಮಗ್ಗಕ್ಕೆ ಬಿಗಿದ ಹಾಸಿನ ದಾರ ಬೆಳಿಗ್ಗೆ ಜೋತುಬಿದ್ದರೆ ನೇಕಾರರು ಇಳದೈತಿ ಎನ್ನುತ್ತಾರೆ. ಮನುಷ್ಯನ ಕಸುವು ಸೋರಿಹೋದರೂ ಅದೇ ಮಾತು. ಹುಟ್ಟಿದಾಗಿನಿಂದ ಅವಳೂ ಹಾಗೇ ಆಡಿದ್ದಳು. ಆದರೆ ಗುಂಡಿಯ ಮೇಲೆ ಅಚ್ಚಾದ ಅಕ್ಷರ ಕಂಡ ಮೇಲೆ ತನ್ನ ಬಾಯಿಯ ಮಾತನ್ನೇ ಮರೆತಿದ್ದಳು. ಎಷ್ಟು ಸಲ ಒತ್ತಿದ್ದಳೋ. ನಾನೂರಕ್ಕೆ ಕಡಿಮೆ ಇಲ್ಲ.

ಅವಳು ಕೇಂದ್ರಕ್ಕೆ ಹೋಗಿ ವಸುಮತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ವಸುಮತಿ ಮೊದಲು ತಲೆಯಾಡಿಸಿದಳು. "ಮಲಗಿಸಿ ನೋಡಿದ್ದೇವೆ, ನಿಲ್ಲಿಸಿ ನೋಡಿದ್ದೇವೆ, ಯಂತ್ರದ ಮೇಲೆ ನಡೆಸಿ ನೋಡಿದ್ದೇವೆ. ತಲೆಗೆ ರಕ್ತ ಸರಿಯಾಗೇ ಹೋಗುತ್ತಿದೆ ಅಮ್ಮ."

"ಕುಣಿಯಾಗ ಕುಂದರಿಸಿ ನೋಡೀರೇನ್ರಿ?"

ವಸುಮತಿ ಅಲ್ಲಿಯ ತನಕ ಯಾರ ಮನೆಯ ಮಗ್ಗವನ್ನೂ ಕಂಡಿರಲಿಲ್ಲ.

ಅಂದು ಮಧ್ಯಾಹ್ನವೇ ಬನವ್ವನ ಮನೆಗೆ ಬಂದಳು. ಕುಬೇರಪ್ಪನ ಹಣೆಗೆ ಒಂದು ಪಟ್ಟಿ ಅಂಟಿಸಿದಳು. ತಲೆಗೆ ಹೋಗುವ ರಕ್ತವನ್ನು ಅಳೆಯುವ ಪಟ್ಟಿ ಅದು. ತುಂಬಿದ್ದರೆ ನೂರು. ಕಟ್ಟೆಯ ಮೇಲೆ ಕೂತಾಗ ತೊಂಬತ್ತಾರು ತೋರಿಸಿತು. ಕುಣಿಗೆ ಕಾಲು ಬಿಟ್ಟಾಗ ಎಂಬತ್ತು. "ತುಳಿಯಿರಿ" ಎಂದಳು. ಅವನು ತುಳಿದ. ಲಾಳಿ ಆ ಕಡೆ ಈ ಕಡೆ ಓಡಿತು. ಎಪ್ಪತ್ತು. ಅರವತ್ತೊಂದು. ಕುಬೇರಪ್ಪನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು; ಕಾಲು ಮಾತ್ರ ಹರೆಯದವನ ಕಾಲಿನಂತೆ ಆಡುತ್ತಿತ್ತು. ಐವತ್ತು. ನಲವತ್ತನಾಲ್ಕು.

"ಸಾಕು, ನಿಲ್ಲಿಸಿ" ಎಂದಳು ವಸುಮತಿ.

ಕಾಲು ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಸಲ ತುಳಿದು ಆಮೇಲೆ ನಿಂತಿತು. ಕುಬೇರಪ್ಪ ನಗಲು ನೋಡಿದ. "ಎತ್ತು ರೂಢಿ ಆದಂಗ ಆಗ್ಯಾವ್ರಿ. ಹಗ್ಗ ಬಿಟ್ಟರೂ ನಡೀತಾವ."

ವಸುಮತಿ ಅಂದೇ ಮೇಲಿನವರಿಗೆ ಬರೆದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಅದನ್ನು ಬನವ್ವನಿಗೆ ಓದಿ ಹೇಳಿದಳು. ಒಂದು ಮನೆಯಲ್ಲಿ ಒಂದು ಮಧ್ಯಾಹ್ನ ಅಳೆದದ್ದು ಸಾಲದು. ದಾಖಲೆಯಲ್ಲಿ ನಲವತ್ತೊಂದು ಜನರೂ ವಾರವಾರ 'ಇಳಿದಿದೆ' ಎಂದೇ ಹೇಳಿದ್ದಾರೆ, ಯಾರೂ ದೂರಿಲ್ಲ. ಎರಡನೇ ಸೂಜಿ ಗೊತ್ತಾದ ದಿನವೇ ಆಗಬೇಕು. ಮುನ್ನೆಚ್ಚರಿಕೆಗಾಗಿ, ಕುಣಿಯಲ್ಲಿ ಕೂತು ಮಾಡುವ ಕೆಲಸವನ್ನು ನಿಷೇಧಿಸಲಾಗಿದೆ.

"ನಾ ತಪ್ಪು ಒತ್ತೇನಿ ಅಂತ ಬರೀರಿ" ಎಂದಳು ಬನವ್ವ.

"ಬರೆದೆ ಅಮ್ಮ. ಅದಕ್ಕೆ ಅವರ ಹತ್ತಿರ ಗುಂಡಿ ಇಲ್ಲ."

ಸೂಜಿ ತೆಗೆದುಕೊಂಡರೆ ಕಾಲು ಉಳಿಯುತ್ತದೆ, ಮಗ್ಗ ಹೋಗುತ್ತದೆ. ಬಿಟ್ಟರೆ ಮೊದಲ ಸೂಜಿಯ ಗುಣ ತಿಂಗಳಲ್ಲಿ ತೀರುತ್ತದೆ, ಕಾಲೂ ಹೋಗುತ್ತದೆ, ಮಗ್ಗವೂ ಹೋಗುತ್ತದೆ. ಗಂಡ ಹೆಂಡತಿ ಮೂರು ದಿನ ಅದನ್ನೇ ಮಗುಚಿ ಹಾಕಿದರು.

"ಕಾಲು ಹೋದ್ರ ಹೋಗ್ಲಿ ಬಿಡ್ರಿ. ನೀವಂತೂ ಇರ್ತೀರಿ" ಎಂದಳು ಬನವ್ವ.

"ಬಾಗಿಲದಾಗ ಕುಂದರಿಸಿ ನೊಣ ಹೊಡಿಯಾಕ ಹಚ್ಚಾಕ ಬೇಕಾಗೇನಿ ನಿನಗ. ಕಾಲಿದ್ರ ಬನಶಂಕರಿ ತನಕ ನಡಕೊಂಡರ ಹೋಗಿ ಬರ್ತೀನಿ. ಮಗ್ಗ ಮುಟ್ಟೂದಿಲ್ಲ. ಆಣಿ."

ಬುಧವಾರ ಸೂಜಿ ಹಾಕಿಸಿಕೊಂಡ. ಗುರುವಾರ ಬನವ್ವ ಹಿತ್ತಲಿನಿಂದ ಬುಟ್ಟಿ ಬುಟ್ಟಿ ಮಣ್ಣು ತಂದು ಕುಣಿ ತುಂಬಿದಳು. ಅತ್ತೆ, ಅತ್ತೆಯ ಅತ್ತೆ ಸಾರಿಸಿದ ಕುಣಿ ಅದು. ಕುಬೇರಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ. ಕೊನೆಯ ಬುಟ್ಟಿಗೆ, "ನನ್ನ ಒಳಗ ಕುಂದರಿಸಿ ಮುಚ್ಚಿದ್ರ ಒಂದs ಕೆಲಸ ಆಗ್ತಿತ್ತು" ಎಂದ. ಅವಳು ನಗಲಿಲ್ಲ, ಅವನೂ ನಗಲಿಲ್ಲ.

ಅಲ್ಲಿಂದ ಅವನು ನಡೆಯುವ ಮನುಷ್ಯನಾದ. ಬೆಳಿಗ್ಗೆ ಹೊರಟರೆ ಗುಡ್ಡ ಹತ್ತಿ ಇಳಿದು ಬರುವನು. ಕಾಲು ದಣಿಯುತ್ತಿರಲಿಲ್ಲ. ಆದರೆ ಕೂತಲ್ಲಿ ಹೆಬ್ಬೆರಳು ನೆಲವನ್ನು ತುಳಿಯುತ್ತಲೇ ಇರುತ್ತಿತ್ತು, ಮುಖ ದಿನೇ ದಿನೇ ತೊಳೆದ ಬಟ್ಟೆಯಂತೆ ಬಣ್ಣಗೆಡುತ್ತಿತ್ತು.

ಪರಸಪ್ಪನ ಮಗ್ಗದ ಮೇಲೆ ಅವನು ಅರ್ಧಕ್ಕೆ ಬಿಟ್ಟ ಖಣ ಹಾಗೇ ಇತ್ತು. ಸತ್ತವನ ಹಾಸನ್ನು ಕತ್ತರಿಸಬಾರದು, ಇನ್ನೊಬ್ಬ ನೇಕಾರ ಕೂತು ಮುಗಿಸಿ ಇಳಿಸಬೇಕು ಎಂಬುದು ಓಣಿಯ ಕಟ್ಟು. ಓಣಿಯಲ್ಲಿ ಉಳಿದ ನೇಕಾರರೆಲ್ಲ ಸೂಜಿ ಹಾಕಿಸಿಕೊಂಡವರೇ, ಅವರಿಗೆ ಕುಣಿ ನಿಷೇಧ. ಕಲ್ಲವ್ವ ದಿನಾ ಆ ಖಣದ ಮೇಲಿನ ಧೂಳು ಒರೆಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಂದು ಮೊಳ ಉಳಿದಿತ್ತು, ಅಷ್ಟೇ.

ಮುಂಗಾರಿನ ಮೊದಲ ಮೋಡ ಕಟ್ಟಿದ ಸೋಮವಾರ. ಹೊತ್ತು ಏರಿತ್ತು. ಬನವ್ವ ಕೇಂದ್ರದಲ್ಲಿ ಹಲಗೆಯ ಮುಂದೆ ಕೂತಿದ್ದಳು. ಹದಿನೇಳನೇ ಜೋಡಿ ಕೆಂಪಿತ್ತು. ನಡೆಯುತ್ತಿರಬೇಕು ಎಂದುಕೊಂಡಳು. ನೋಡುತ್ತಿದ್ದಂತೆ ಆ ಕೆಂಪು ಗಾಢವಾಯಿತು, ಯಾವತ್ತೂ ಕಂಡಿರದಷ್ಟು. ನಡೆಯುವವನ ಕಾಲು ಒಂದಾದ ಮೇಲೊಂದು ಮಿಣುಕುತ್ತವೆ. ಇವು ಎಡ ಎಡ, ಬಲ ಬಲ, ಎಡ ಬಲ ಎಂದು ಮಿಣುಕುತ್ತಿದ್ದವು. ಆ ಲಯವನ್ನು ಬನವ್ವ ನಲವತ್ತು ವರ್ಷ ರೊಟ್ಟಿ ಬಡಿಯುತ್ತ ಕೇಳಿದ್ದಳು. ಖಣದ ತುಳಿತ ಅದು. ಯಂತ್ರ ಹದಿನೇಳರ ಪಕ್ಕದಲ್ಲಿ 'ಅತ್ಯುತ್ತಮ' ಎಂದು ಬರೆಯಿತು.

ಅವಳು ಎದ್ದು ಓಡಿದಳು. ಅರವತ್ತರ ಹೆಂಗಸು, ಬರಿಗಾಲು, ಊರ ಹೊರಗಿನಿಂದ ಓಣಿಯ ತನಕ. ಪರಸಪ್ಪನ ಮನೆಯ ಬಾಗಿಲಿಗೆ ಬರುವಾಗ ಮಗ್ಗದ ಸದ್ದು ಕೇಳುತ್ತಿತ್ತು. ಜೀವ ಬಂದಂತಾಯಿತು. ಒಳಗೆ ಹೋದಳು.

ಕುಬೇರಪ್ಪ ಬಟ್ಟೆಯ ಮೇಲೆ ತಲೆಯಿಟ್ಟು ಒರಗಿದ್ದ. ಲಾಳಿ ಕೈಯಿಂದ ಜಾರಿ ಬಿದ್ದಿತ್ತು. ಖಣ ಮುಗಿದಿತ್ತು. ಕಾಲ ಕೆಳಗಿನ ಹಲಗೆ ಮಾತ್ರ ಇನ್ನೂ ಟಕ್ ಟಕ್ ಎನ್ನುತ್ತಿತ್ತು.

ಕಲ್ಲವ್ವ ಮೂಲೆಯಲ್ಲಿ ನಿಂತಿದ್ದಳು. "ಈಗ ಮಲಗ್ಯಾನವ್ವ. ನಾ ಪಾದ ಮುಟ್ಟಿ ನೋಡೇನಿ. ಬೆಚ್ಚಗ ಅದಾವ."

ಬನವ್ವ ಪಾದ ಮುಟ್ಟಲಿಲ್ಲ. ಹಣೆ ಮುಟ್ಟಿದಳು.

ಮನೆಗೆ ತಂದು ಗೋಡೆಗೆ ಒರಗಿಸಿ ಕೂಡಿಸಿದರು. ಮಠದ ಅಜ್ಜ ಬಂದ, ಪಾದ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. "ಬೆಚ್ಚಗ ಅದಾವಲ್ಲೋ. ಹೆಂಗ ಮಣ್ಣು ಕೊಡೂದು?" ಕುಣಿ ತೋಡಲು ಹೊರಟವರು ಸಲಿಕೆ ಊರಿಕೊಂಡು ಅಂಗಳದಲ್ಲೇ ನಿಂತರು. ಯಾರೂ ಅಳಲಿಲ್ಲ. ಅಷ್ಟು ಜನ ತುಂಬಿದ ಮನೆಯಲ್ಲಿ ಒಂದು ದನಿ ಇಲ್ಲ.

ವಸುಮತಿ ಬಂದು ಕಾಲ ಗಿಣ್ಣಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಎದೆ ನಿಂತು ಮೂರು ತಾಸಾಗಿತ್ತು. ಬೆರಳಿನ ಕೆಳಗೆ ನಾಡಿ ಬಡಿಯುತ್ತಿತ್ತು, ಮೆಲ್ಲಗೆ, ತಪ್ಪದೆ. ಇದ್ದಷ್ಟು ರಕ್ತವನ್ನು ಎರಡು ಕಾಲು ತಮ್ಮ ತಮ್ಮಲ್ಲೇ ತಿರುಗಿಸಿಕೊಳ್ಳುತ್ತಿದ್ದವು. ಅವಳಿಗೆ ಮೇಲಿನವರ ಫೋನು ಬಂತು. ಆ ಕಡೆಯ ದನಿ ಪಕ್ಕದಲ್ಲಿದ್ದ ಬನವ್ವನಿಗೂ ಕೇಳಿಸಿತು: "ಕಡಗ ಬಿಚ್ಚಬೇಡಿ. ಎಷ್ಟು ತಾಸು ನಡೆಯುತ್ತದೆ ಎಂದು ಬೇಕು. ಇದು ನಾವು ಹುಡುಕುತ್ತಿದ್ದುದಕ್ಕಿಂತ ದೊಡ್ಡದು."

ವಸುಮತಿ ಫೋನು ಆರಿಸಿ ಕಡಗಕ್ಕೆ ಕೈ ಹಾಕಿದಳು.

"ಇರಲಿ ಬಿಡ್ರಿ ಬಾಯಾರ" ಎಂದಳು ಬನವ್ವ. "ಅದನ್ನ ಬಿಚ್ಚಿದ್ರ ಅವರಿಗೆ ಕಾಣೂದಿಲ್ಲ, ಅಷ್ಟ. ನನಗ ಕಾಣ್ತೈತಿ."

ಅವಳು ಗಂಡನ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಎಣ್ಣೆ ತಿಕ್ಕುವಾಗ ಕೂರುತ್ತಿದ್ದ ಹಾಗೆಯೇ.

ಎರಡನೇ ಸೂಜಿ ಆದವರು ಈಗಲೂ ಓಣಿಯಲ್ಲಿ ನಡೆದಾಡುತ್ತಾರೆ. ಕಾಲು ಗಟ್ಟಿ, ಮುಖ ಬಿಳಿ. ಮನೆ ಮನೆಯಲ್ಲೂ ಮಗ್ಗದ ಕುಣಿಗೆ ಮಣ್ಣು ಬಿದ್ದಿದೆ. ಬೆಳಿಗ್ಗೆ ಎದ್ದ ಹೆಂಗಸರು ಗಂಡಂದಿರ ಹಣೆ ಮುಟ್ಟಿ ನೋಡಿ ಒಲೆ ಹಚ್ಚುತ್ತಾರೆ. ಕೇಂದ್ರಕ್ಕೆ ಹೊಸಬರು ಬಂದರು, ಇನ್ನೂ ದೊಡ್ಡ ಹಲಗೆ ತಂದರು. ಅದರಲ್ಲಿ ಕಾಲಿನ ಚಿತ್ರದ ಜೊತೆಗೆ ಕೈಯ ಚಿತ್ರವೂ ಇತ್ತಂತೆ. ಬನವ್ವ ಅದನ್ನು ನೋಡಲು ಹೋಗಲಿಲ್ಲ. ವಸುಮತಿ ಯಾವ ಕಾಗದಕ್ಕೂ ಸಹಿ ಹಾಕದೆ ಊರು ಬಿಟ್ಟದ್ದು ಶುಕ್ರವಾರ.

ಕುಬೇರಪ್ಪ ಹೋದದ್ದು ಸೋಮವಾರ. ಅವನ ಪಾದಗಳು ಹೋದದ್ದು ಮಂಗಳವಾರ, ಬಿಸಿಲು ಓಣಿಯ ಒಂದು ಮಗ್ಗುಲಿಗೆ ಬೀಳುವ ಹೊತ್ತಿಗೆ. ಆಮೇಲೆ ಬನವ್ವ ಅತ್ತಳು.